ಹಿರಿಯರ ಆರೋಗ್ಯ: ಉದ್ಯಾನದ ಬೆಂಚಿನ ಸುತ್ತ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಇಳಿವಯಸ್ಸಿನ ನಿದ್ರಾಹೀನತೆಯ ಬಗ್ಗೆ ಬರೆಯುತ್ತಾ, ಹಿರಿಯರು ದಿನದಲ್ಲಿ ಸ್ವಲ್ಪ ಹೊತ್ತನ್ನು ಹತ್ತಿರದ ಉದ್ಯಾನದಲ್ಲಿ ಕಳೆಯುವುದು ಒಳ್ಳೆಯದೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಔಷಧಿಗಳ ಕುರಿತು ಬರೆದ ಭಾಗಕ್ಕಿಂತ ಆ ಒಂದು ವಾಕ್ಯಕ್ಕೇ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆರಿಸಿ, ಬರೆದವರ ಗುರುತು ತಿಳಿಯದಂತೆ ಸಂಕ್ಷೇಪಿಸಿ, ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ತಂದೆಯವರು ತೀರಿಕೊಂಡ ಮೇಲೆ 71 ವರ್ಷದ ನಮ್ಮ ಅವ್ವನನ್ನು ಧಾರವಾಡದಿಂದ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ನಮ್ಮ ಮನೆಗೆ ಕರೆತಂದೆವು. ಮನೆಯಿಂದ ಐದು ನಿಮಿಷದ ದೂರದಲ್ಲಿ ಚೆಂದದ ಉದ್ಯಾನವಿದೆ. ಹೊಸ ಶೂ ಕೊಡಿಸಿದ್ದೇವೆ, ದಿನವೂ ಹೇಳುತ್ತೇವೆ, ಆದರೂ ಹಟ ಮಾಡಿ ಮನೆಯಲ್ಲೇ ಕುಳಿತಿರುತ್ತಾರೆ. ಅವರ ಹಟ ಬಿಡಿಸುವುದು ಹೇಗೆ?

ಉತ್ತರ: 'ಹಟ' ಎಂಬ ಮಾತನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಧಾರವಾಡದಲ್ಲಿ ನಿಮ್ಮ ಅವ್ವ ದಿನಕ್ಕೆ ಎಷ್ಟು ನಡೆಯುತ್ತಿದ್ದರೆಂದು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಗುಡಿಗೆ, ಆಮೇಲೆ ಕಾಯಿಪಲ್ಯ ತರಲು, ಮಧ್ಯಾಹ್ನ ಪಕ್ಕದ ಓಣಿಯ ಗೆಳತಿಯ ಮನೆಗೆ, ಸಂಜೆ ಯಾರೋ ಬಾಣಂತಿಯನ್ನೋ ಜ್ವರ ಬಂದವರನ್ನೋ ಮಾತನಾಡಿಸಲು ಅವರು ಹೋಗುತ್ತಿದ್ದಿರಬೇಕು. ಆ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬದುಕಿನುದ್ದಕ್ಕೂ ನಡೆದಿದ್ದಾರೆ, ಆದರೆ 'ವಾಕಿಂಗ್' ಎಂದು ಹೇಳಿ ಮನೆಯಿಂದ ಹೊರಬಿದ್ದವರಲ್ಲ. ಅವರ ಪ್ರತಿಯೊಂದು ನಡಿಗೆಗೂ ಹೋಗಿ ಸೇರುವ ಒಂದು ಬಾಗಿಲಿತ್ತು, ಆ ಬಾಗಿಲಲ್ಲಿ 'ಬರ್ರಿ, ಕೂಡ್ರಿ' ಎನ್ನುವ ಒಬ್ಬರಿದ್ದರು. ಯಾರೂ ತಮ್ಮನ್ನು ಎದುರು ನೋಡದ ಜಾಗಕ್ಕೆ ಹೋಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು ಓಡುವ ಯುವಕರ ನಡುವೆ ನಾಲ್ಕು ಸುತ್ತು ಹಾಕಿ ಬರುವುದು ಅವರಿಗೆ ಅರ್ಥವಿಲ್ಲದ ಕೆಲಸವಾಗಿ ಕಾಣುತ್ತಿದ್ದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಇದರ ಜೊತೆಗೆ ಹೆಂಗಸರು ಮಕ್ಕಳ ಎದುರು ಬಾಯಿಬಿಟ್ಟು ಹೇಳದ ಕಾರಣಗಳಿರುತ್ತವೆ. ಚಿಕಿತ್ಸಾಲಯದಲ್ಲಿ ನಾನು ಹಿರಿಯ ತಾಯಂದಿರನ್ನು ಒಬ್ಬರೇ ಇರುವಾಗ ಕೇಳಿದರೆ ಮೊದಲು ಬರುವ ಉತ್ತರ ಶೌಚಾಲಯದ್ದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಕೆಮ್ಮಿದರೆ ಮೂತ್ರ ಜಿನುಗುವ ತೊಂದರೆಯಿರುವವರಿಗೆ, ಉದ್ಯಾನದ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ ಆ ಉದ್ಯಾನವೇ ಇಲ್ಲದಂತೆ. ಎರಡನೆಯದು ಬೀದಿನಾಯಿಗಳ ಭಯ. ಮೂರನೆಯದು ಮನೆಯಿಂದ ಗೇಟಿನವರೆಗಿನ ದಾರಿ. ನಿಮಗೆ ಐದು ನಿಮಿಷವಾಗುವ ಆ ದಾರಿಯಲ್ಲಿ ಕಿತ್ತುಹೋದ ಚಪ್ಪಡಿಗಳು, ಪಾದಚಾರಿ ಮಾರ್ಗದ ಮೇಲೇ ನಿಂತ ಸ್ಕೂಟರುಗಳು, ದಾಟಲೇಬೇಕಾದ ಒಂದು ದೊಡ್ಡ ರಸ್ತೆ ಇದ್ದರೆ, ಅವರ ಮಟ್ಟಿಗೆ ಅದು ದಿನವೂ ಬಿದ್ದುಬಿಡುವ ಭೀತಿಯ ಕಾಲು ಗಂಟೆ. ನೀವು ಒಮ್ಮೆ ಅವರ ನಡಿಗೆಯ ವೇಗದಲ್ಲೇ, ಅವರ ಕೈ ಹಿಡಿದು, ಆ ದಾರಿಯನ್ನು ನಡೆದು ನೋಡಿ. ಆಮೇಲೆ ಶೂಗಿಂತ ಮುಖ್ಯವಾದದ್ದು ಏನೆಂದು ನಿಮಗೇ ತಿಳಿಯುತ್ತದೆ.

ಅಂದಮಾತ್ರಕ್ಕೆ ಮನೆಯಲ್ಲೇ ಇರಲಿ ಎಂದು ನಾನು ಹೇಳುತ್ತಿಲ್ಲ. ಟೋಕಿಯೋ ನಗರದಲ್ಲಿ 3,144 ವೃದ್ಧರನ್ನು ಐದು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮನೆಯ ಹತ್ತಿರ ನಡೆದಾಡಲು ಹಸಿರಿನ ಜಾಗವಿದ್ದವರು ಬದುಕುಳಿಯುವ ಸಾಧ್ಯತೆ ಹೆಚ್ಚಿದ್ದುದು ಕಂಡುಬಂತು. ವಯಸ್ಸು, ಹಣಕಾಸಿನ ಸ್ಥಿತಿಯಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿದುಕೊಂಡಿತ್ತು. ಇಂಥ ಅಧ್ಯಯನದಿಂದ ಮರಗಳೇ ಆಯುಷ್ಯ ಹೆಚ್ಚಿಸಿದವೆಂದು ಸಾಧಿಸಲಾಗುವುದಿಲ್ಲ, ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಬರುತ್ತಾರೆ ಎಂಬುದೂ ನಿಜ. ಆದರೂ ನನ್ನ ರೋಗಿಗಳಲ್ಲಿ ಕಂಡದ್ದನ್ನು ಸೇರಿಸಿ ಹೇಳುವುದಾದರೆ, ಊರು ಬಿಟ್ಟು ಬಂದ ಹಿರಿಯರಿಗೆ ಹೊಸ ಊರಿನಲ್ಲಿ ಬೇರು ಬಿಡಲು ಉದ್ಯಾನದಷ್ಟು ಸುಲಭವಾದ, ಹಣ ಕೊಡಬೇಕಿಲ್ಲದ ಜಾಗ ಬೇರೊಂದಿಲ್ಲ.

ಆದ್ದರಿಂದ ಹೀಗೆ ಮಾಡಿ. 'ವಾಕಿಂಗ್' ಎಂಬ ಪದವನ್ನೇ ಬಿಟ್ಟುಬಿಡಿ. ಎರಡು ವಾರಗಳ ಕಾಲ ಮನೆಯವರಲ್ಲಿ ಒಬ್ಬರು ದಿನವೂ ಒಂದೇ ಹೊತ್ತಿಗೆ ಅವರ ಜೊತೆ ಹೋಗಿ, ಗೇಟಿಗೆ ಹತ್ತಿರವಾದ ಒಂದೇ ಬೆಂಚಿನಲ್ಲಿ ಅವರೊಂದಿಗೆ ಕುಳಿತುಕೊಳ್ಳಿ. ಒಂದೇ ಹೊತ್ತು, ಒಂದೇ ಬೆಂಚು ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಮುಖಗಳ ಗುರುತು ಹತ್ತುವುದು ಹಾಗೆಯೇ. ಬರುವಾಗ ಸೊಪ್ಪು ತರುವುದೋ, ಮೊಮ್ಮಗುವನ್ನು ಆಡಿಸುವುದೋ, ಪೂಜೆಗೆ ಹೂವು ತರುವುದೋ, ಅವರು ನಂಬುವಂಥ ಒಂದು ಕೆಲಸವನ್ನು ಆ ಹೊತ್ತಿಗೆ ಜೋಡಿಸಿ. ಬೆಂಗಳೂರಿನ ಆ ಭಾಗದಲ್ಲಿ ಉತ್ತರ ಕರ್ನಾಟಕದಿಂದ ಮಕ್ಕಳ ಮನೆಗೆ ಬಂದ ತಾಯಂದಿರು ಬಹಳ ಮಂದಿ ಇದ್ದಾರೆ. ತಮ್ಮ ಊರಿನ ಮಾತು ಕಿವಿಗೆ ಬಿದ್ದ ದಿನ ಅವರು ನಿಮಗಿಂತ ಮೊದಲೇ ಸಿದ್ಧರಾಗಿ ನಿಂತಿರುತ್ತಾರೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಊಟ, ನಿದ್ದೆ, ಮಾತು ಎಲ್ಲವೂ ಕಡಿಮೆಯಾಗಿ ಎರಡು ವಾರ ಮೀರಿದ್ದರೆ ಅದು ಖಿನ್ನತೆಯಾಗಿರಬಹುದು, ಉದ್ಯಾನದಿಂದ ಮಾತ್ರ ಗುಣವಾಗುವಂಥದ್ದಲ್ಲ. ವೈದ್ಯರನ್ನು ಕಾಣಿರಿ. ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416.

ಪ್ರಶ್ನೆ: ನನಗೆ 68 ವರ್ಷ, ನಿವೃತ್ತ ಬ್ಯಾಂಕ್ ಅಧಿಕಾರಿ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಬೆಳಿಗ್ಗೆ ಐದಕ್ಕೇ ಉದ್ಯಾನಕ್ಕೆ ಹೋಗಿ ಹತ್ತು ಸಾವಿರ ಹೆಜ್ಜೆ ಪೂರೈಸುತ್ತೇನೆ, ಕಲ್ಲುಹರಳಿನ ಆಕ್ಯುಪ್ರೆಶರ್ ಹಾದಿಯಲ್ಲಿ ಬರಿಗಾಲಲ್ಲಿ ನಡೆಯುತ್ತೇನೆ, ಸ್ನೇಹಿತರು ಹೇಳಿದಂತೆ ಹಿಂದುಹಿಂದಕ್ಕೂ ನಡೆಯುತ್ತೇನೆ. ಈಚೆಗೆ ಮಂಡಿ ನೋವು ಬಂದಿದೆ. ಹೆಜ್ಜೆ ಕಡಿಮೆ ಮಾಡಿದರೆ ನಷ್ಟವೇ?

ಉತ್ತರ: ನಷ್ಟವಿಲ್ಲ. ಹತ್ತು ಸಾವಿರ ಎಂಬ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬ ಅರ್ಥದ ಹೆಸರಿಟ್ಟಿದ್ದರು, ಅದೇ ಲೋಕವನ್ನೆಲ್ಲ ಸುತ್ತಿತು. ಸರಾಸರಿ 72 ವಯಸ್ಸಿನ 16,741 ಅಮೆರಿಕನ್ ಮಹಿಳೆಯರನ್ನು ಕುರಿತ 2019ರ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲಿಯೇ, 2,700ರಷ್ಟು ನಡೆದವರಿಗಿಂತ, ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆ ಸಾಕೆನ್ನುತ್ತದೆ. ಅದೇ ಮಾರ್ಗಸೂಚಿಯಲ್ಲಿ ನಮ್ಮ ಉದ್ಯಾನಗಳಲ್ಲಿ ಯಾರೂ ಗಮನಿಸದ ಇನ್ನೊಂದು ಮಾತಿದೆ: 65 ದಾಟಿದವರು ವಾರಕ್ಕೆ ಮೂರು ದಿನವಾದರೂ ದೇಹದ ಸಮತೋಲನ ಮತ್ತು ಸ್ನಾಯುಬಲಕ್ಕೆ ಬೇಕಾದ ವ್ಯಾಯಾಮ ಮಾಡಬೇಕು. ನೀವು ನಡೆಯುವ ಹೊತ್ತಿನಲ್ಲಿ ಮೂರನೆಯ ಒಂದು ಭಾಗವನ್ನು ಇದಕ್ಕೆ ಕೊಟ್ಟರೆ ಮಂಡಿಗೂ ವಿರಾಮ ಸಿಗುತ್ತದೆ, ಬೀಳುವ ಅಪಾಯವೂ ಇಳಿಯುತ್ತದೆ. ಬೆಂಚಿನಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದು, ಬೆಂಚಿನ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ಕಂಬವೊಂದು ಕೈಗೆ ಎಟುಕುವಂತೆ ಪಕ್ಕದಲ್ಲಿರಿಸಿಕೊಂಡು ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು, ಇವಿಷ್ಟೇ ಸಾಕು. ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಮಂದಿಯನ್ನು ಪರೀಕ್ಷಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಹಾಗೆ ಹತ್ತು ಸೆಕೆಂಡು ನಿಲ್ಲಲಾಗಲಿಲ್ಲ, ಮುಂದಿನ ವರ್ಷಗಳಲ್ಲಿ ಅವರಲ್ಲಿ ಸಾವುಗಳೂ ಹೆಚ್ಚಾಗಿದ್ದವು.

ಕಲ್ಲುಹರಳಿನ ಹಾದಿಯನ್ನು ಇಂದೇ ನಿಲ್ಲಿಸಿ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಎಷ್ಟೋ ಸಲ ನಮಗರಿವಿಲ್ಲದೆ ಕುಂದಿರುತ್ತದೆ. ಚುಚ್ಚಿದ ಹರಳು ತಿಳಿಯುವುದಿಲ್ಲ, ಗಾಯ ಕಾಣುವುದಿಲ್ಲ, ಕಂಡಾಗ ಅದು ಹುಣ್ಣಾಗಿರುತ್ತದೆ. ಪಾದದ ಒಂದು ಚಿಕ್ಕ ಹುಣ್ಣಿನಿಂದ ಬೆರಳು ಕಳೆದುಕೊಂಡವರನ್ನು ನಾನು ನೋಡಿದ್ದೇನೆ, ಆದ್ದರಿಂದಲೇ ಇಷ್ಟು ಕಟುವಾಗಿ ಹೇಳುತ್ತಿದ್ದೇನೆ. ಹಿಂದಕ್ಕೆ ನಡೆಯುವುದನ್ನೂ ಜನ ಓಡಾಡುವ ಹಾದಿಯಲ್ಲಿ ಮಾಡಬೇಡಿ.

ಹೊತ್ತಿನ ವಿಷಯ. ಬೆಂಗಳೂರಿನಲ್ಲಿ ಜನವರಿಯ ಸೂರ್ಯೋದಯವೇ ಆರೂ ಮುಕ್ಕಾಲರ ಸುಮಾರಿಗೆ. ಐದು ಗಂಟೆಗೆ ಕತ್ತಲು ಮತ್ತು ಚಳಿ ಇರುತ್ತವೆ. ಚಳಿಗಾಲದ ನಸುಕಿನಲ್ಲಿ ತಂಪು ಗಾಳಿ ನೆಲದ ಹತ್ತಿರ ನಿಂತುಬಿಡುವುದರಿಂದ ರಾತ್ರಿಯ ವಾಹನಗಳ ಹೊಗೆಯೂ ಅಲ್ಲೇ ಉಳಿದಿರುತ್ತದೆ. 'ಬೆಳಗಿನ ಶುದ್ಧ ಗಾಳಿ' ಎಂಬುದು ಮುಖ್ಯರಸ್ತೆಯ ಪಕ್ಕದ ಉದ್ಯಾನದಲ್ಲಿ ಯಾವಾಗಲೂ ನಿಜವಲ್ಲ. ಎಳೆ ಬಿಸಿಲಿನಿಂದ ವಿಟಮಿನ್ ಡಿ ಸಿಗುತ್ತದೆಂಬ ನಂಬಿಕೆಯೂ ಸರಿಯಿಲ್ಲ, ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸುತ್ತದೆ. ಏಳು ಗಂಟೆಯ ನಂತರ, ಹೊಟ್ಟೆಗೆ ಏನಾದರೂ ಹಾಕಿಕೊಂಡು, ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಹೊತ್ತನ್ನು ನಿಮ್ಮ ವೈದ್ಯರೊಂದಿಗೆ ಹೊಂದಿಸಿಕೊಂಡು ಹೊರಡಿ. ಅಂಗಿಯ ಜೇಬಿನಲ್ಲಿ, ರಕ್ತದ ಸಕ್ಕರೆ ಒಮ್ಮೆಲೇ ಇಳಿದರೆ ಬಾಯಿಗೆ ಹಾಕಿಕೊಳ್ಳಲು ನಾಲ್ಕು ಸಕ್ಕರೆ ಮಿಠಾಯಿ ಮತ್ತು ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಬಡಾವಣೆಯ ಉದ್ಯಾನದ ಅಭಿವೃದ್ಧಿಗೆ ಹಣ ಮಂಜೂರಾಗಿದೆ. ನಿವಾಸಿಗಳ ಸಂಘದಲ್ಲಿ ಕಾರಂಜಿ, ಹೊಳೆಯುವ ಟೈಲ್ಸ್ ಹಾದಿ, ಸ್ವಾಗತ ಕಮಾನು ಬೇಕೆಂದು ಹೆಚ್ಚಿನವರು ಹೇಳುತ್ತಿದ್ದಾರೆ. ಹಿರಿಯರ ಪರವಾಗಿ ನಾನು ಏನು ಕೇಳಬೇಕು?

ಉತ್ತರ: ಮೊದಲು ಬೆಂಚು ಕೇಳಿ. ಇಷ್ಟು ಸಣ್ಣ ಮಾತೇ ಎಂದು ಸಭೆಯಲ್ಲಿ ಯಾರಾದರೂ ನಗಬಹುದು. ಆದರೆ ಉದ್ಯಾನವನ್ನು ಹಿರಿಯರು ಬಳಸುತ್ತಾರೋ ಇಲ್ಲವೋ ಎಂಬುದನ್ನು ನಿರ್ಧರಿಸುವ ವಸ್ತುಗಳಲ್ಲಿ ಬೆಂಚಿಗೆ ಮೊದಲ ಸ್ಥಾನವೆಂದು ನಾನು ನಂಬಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವಯೋಸ್ನೇಹಿ ನಗರಗಳ ಕೈಪಿಡಿಯೂ ಕೂರುವ ಜಾಗ ಮತ್ತು ಶೌಚಾಲಯಗಳನ್ನು ಒತ್ತಿ ಹೇಳುತ್ತದೆ. ಎದೆ ಬಿಗಿಯುವ, ಕಾಲಿನ ರಕ್ತನಾಳ ಕಿರಿದಾಗಿರುವ, ಸೊಂಟ ನೋಯುವ ವ್ಯಕ್ತಿ ಮುಂದಿನ ಬೆಂಚು ಕಣ್ಣಿಗೆ ಬಿದ್ದರೆ ಮಾತ್ರ ಅಲ್ಲಿಯವರೆಗೆ ನಡೆಯುವ ಧೈರ್ಯ ಮಾಡುತ್ತಾನೆ. ಹಾಗಾಗಿ ಒಂದು ಬೆಂಚಿನಲ್ಲಿ ಕುಳಿತರೆ ಮುಂದಿನದು ಕಾಣುವಂತಿರಲಿ. ನಮ್ಮಲ್ಲಿ ಸಾಮಾನ್ಯವಾಗಿ ಹಾಕುವ ಬೆನ್ನಿಲ್ಲದ, ತಗ್ಗಿನ ಕಲ್ಲುಬೆಂಚು ನೋಡಲು ಚೆಂದ, ಆದರೆ ಅದರಲ್ಲಿ ಕುಳಿತ 75ರ ಹಿರಿಯರು ಏಳುವುದಕ್ಕೆ ಇನ್ನೊಬ್ಬರ ಕೈ ಬೇಕು. ಕೂರುವ ಹಲಗೆ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದಲ್ಲಿರಲಿ, ಬೆನ್ನಿಗೆ ಆಸರೆಯಿರಲಿ, ಎರಡೂ ಕಡೆ ಕೈಯೂರಿ ಏಳಲು ಹಿಡಿಯಿರಲಿ, ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬಿಡಿ. ಸಾಲಾಗಿ ಹಾದಿಗೆ ಮುಖ ಮಾಡಿ ಇಡುವ ಬದಲು ಕೆಲವನ್ನಾದರೂ ಒಂದಕ್ಕೊಂದು ಮೂಲೆಯಾಗಿ ಇರಿಸಿದರೆ ಕಿವಿ ಮಂದವಾದವರೂ ಎದುರಿನವರ ತುಟಿ ನೋಡುತ್ತಾ ಮಾತನಾಡಬಹುದು. ಸಂಜೆ ನಾಲ್ಕಕ್ಕೆ ಎಲ್ಲಿ ನೆರಳು ಬೀಳುತ್ತದೆಂದು ನೋಡಿ ಜಾಗ ಗುರುತಿಸಿ. ಹೊಂಗೆ, ಬೇವುಗಳ ಅಡಿಯಲ್ಲಾದರೆ ಬೇರೆ ಚಾವಣಿಯ ಖರ್ಚೂ ಇಲ್ಲ.

ಎರಡನೆಯದು, ಹಾದಿ ಒಂದು ಪೂರ್ಣ ಸುತ್ತಾಗಿರಲಿ. ಅಮೆರಿಕದ 25 ನಗರಗಳ 174 ಬಡಾವಣೆ ಉದ್ಯಾನಗಳನ್ನು ಗಮನಿಸಿದ ಸಂಶೋಧಕರಿಗೆ, ಜನಸಂಖ್ಯೆಯಲ್ಲಿ ಶೇಕಡಾ 20ರಷ್ಟಿದ್ದ ಹಿರಿಯರು ಉದ್ಯಾನ ಬಳಸುವವರಲ್ಲಿ ಕೇವಲ ಶೇಕಡಾ 4ರಷ್ಟಿದ್ದುದು ಕಂಡುಬಂತು. ಆದರೆ ಸುತ್ತುಹಾದಿಯಿದ್ದ ಉದ್ಯಾನಗಳಲ್ಲಿ, ಅದಿಲ್ಲದವುಗಳಿಗಿಂತ, ಹಿರಿಯರ ಸಂಖ್ಯೆ ಸುಮಾರು ಎರಡರಷ್ಟಿತ್ತು. ಇದಕ್ಕೆ ಕಾರಣ ಹುಡುಕಲು ನೀವು ದೂರ ಹೋಗಬೇಕಿಲ್ಲ, ನಿಮ್ಮ ಊರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಿಂತು ನೋಡಿದರೆ ಸಾಕು. ಎಲ್ಲಿ ಹೊರಳಬೇಕೆಂಬ ಯೋಚನೆಯಿಲ್ಲದೆ, ಎದುರು ಬಂದ ಪರಿಚಿತರಿಗೆ ದಿನವೂ ಅದೇ ತಿರುವಿನಲ್ಲಿ ನಮಸ್ಕಾರ ಹೇಳುತ್ತಾ ನಡೆಯುವ ಹಾದಿ ಅದು.

ಹೊಳೆಯುವ ಟೈಲ್ಸ್ ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಿ. ಜೂನ್ ಮೊದಲ ಮಳೆಗೆ ಅದರ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ ಹಿರಿಯರು ಮತ್ತೆ ಉದ್ಯಾನಕ್ಕೆ ಬಾರದೆಯೇ ಹೋಗಬಹುದು. ಒರಟು ಮೇಲ್ಮೈಯ ಹಾದಿ, ಮೆಟ್ಟಿಲಿರುವಲ್ಲೆಲ್ಲ ಒಂದಕ್ಕೆ ಹನ್ನೆರಡರ ಅನುಪಾತಕ್ಕಿಂತ (ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ) ಕಡಿದಾಗಿರದ ಇಳಿಜಾರು ಮತ್ತು ಹಿಡಿಗಂಬಿ ಇರಲಿ. ಸ್ಕೂಟರು ಬಾರದಿರಲೆಂದು ಗೇಟಿನಲ್ಲಿ ಹಾಕುವ ಕಬ್ಬಿಣದ ಅಡ್ಡಗಂಬಗಳು ಗಾಲಿಕುರ್ಚಿಯನ್ನೂ ತಡೆಯುತ್ತವೆ ಎಂಬುದನ್ನು ಮರೆಯಬೇಡಿ. ಶೌಚಾಲಯ ಕಟ್ಟುವುದಕ್ಕಿಂತ ಅದರ ಕೀಲಿ ಯಾರ ಬಳಿ ಇರುತ್ತದೆ, ದಿನವೂ ಯಾರು ತೊಳೆಯುತ್ತಾರೆ ಎಂಬುದನ್ನು ಬರಹದಲ್ಲಿ ತೀರ್ಮಾನಿಸುವುದು ಮುಖ್ಯ.

ಗೇಟಿನ ಹೊತ್ತನ್ನೂ ಕೇಳಿ. ಬೆಂಗಳೂರಿನಲ್ಲಿ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಮಧ್ಯಾಹ್ನ ಒಂದೂವರೆಗೆ ತೆರೆಯುವ ಪದ್ಧತಿ ಬಹುಕಾಲ ಇತ್ತು. 2024ರ ಜೂನ್‌ನಲ್ಲಿ ಅದನ್ನು ಬದಲಿಸಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಲು ನಿರ್ಧರಿಸಲಾಯಿತು. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆ ಖಾಲಿಯಾಗುವುದು ಹತ್ತರ ನಂತರವೇ, ಅಡುಗೆಮನೆಯ ಕೆಲಸ ಮುಗಿಸಿದ ಹೆಂಗಸರಿಗೆ ಬಿಡುವು ಸಿಗುವುದೂ ಆಗಲೇ. ಒಂಟಿತನ ಹೆಚ್ಚು ಕಾಡುವ ಹೊತ್ತಿಗೇ ಬೀಗ ಹಾಕುವುದು ಎಂಥ ವ್ಯವಸ್ಥೆ ಎಂದು ನಿಮ್ಮ ಸಂಘದಲ್ಲಿ ಕೇಳಿ. ಇನ್ನು ಉದ್ಯಾನದ ಮೂಲೆಯಲ್ಲಿ ಕಚೇರಿಯನ್ನೋ ಮಳಿಗೆಯನ್ನೋ ಕಟ್ಟುವ ಮಾತು ಬಂದರೆ, ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದೆ ಎಂಬುದನ್ನು ನೆನಪಿಸಿ.

ಪ್ರಶ್ನೆ: ಸಂಜೆ ಹುಡುಗರು ಚೆಂಡಾಡುವುದರಿಂದ ನಮಗೆ ನೆಮ್ಮದಿಯಾಗಿ ಕೂರಲು ಆಗುತ್ತಿಲ್ಲ. ಉದ್ಯಾನದಲ್ಲಿ ಆಟವನ್ನೇ ನಿಷೇಧಿಸಬೇಕೆಂದು ನಾವು ಹಿರಿಯ ನಾಗರಿಕರು ಸಹಿ ಸಂಗ್ರಹಿಸುತ್ತಿದ್ದೇವೆ. ತಮ್ಮ ಬೆಂಬಲವಿದೆಯೇ?

ಉತ್ತರ: ಕ್ಷಮಿಸಿ, ನಿಷೇಧಕ್ಕೆ ನನ್ನ ಬೆಂಬಲವಿಲ್ಲ. ಚೆಂಡು ಬಡಿದು ಬೀಳುವ ಭಯ ನಿಜವಾದದ್ದು, ಅದಕ್ಕೆ ಪರಿಹಾರ ಬೇಕು. ಆಟಕ್ಕೆ ಒಂದು ಮೂಲೆ, ಅದಕ್ಕೊಂದು ಬಲೆ, ವಾರದ ದಿನಗಳಲ್ಲಿ ಗೊತ್ತುಮಾಡಿದ ಹೊತ್ತು, ಇವನ್ನು ಹುಡುಗರನ್ನೇ ಕೂರಿಸಿಕೊಂಡು ನಿಶ್ಚಯಿಸಿ. ಬೇರೆ ಮೈದಾನವಿಲ್ಲದ ಮಕ್ಕಳನ್ನು ಹೊರಗೆ ಹಾಕಿದರೆ ಅವರು ರಸ್ತೆಗೆ ಹೋಗುತ್ತಾರೆ. ಮೇಲಾಗಿ, ಹಿರಿಯರೊಬ್ಬರು ತಲೆ ತಿರುಗಿ ಕುಸಿದಾಗ ಓಡಿ ಬಂದು ಎತ್ತುವವರು ಆ ಹುಡುಗರೇ.

ಪ್ರಶ್ನೆ: ನನ್ನ ಯಜಮಾನರಿಗೆ 76 ವರ್ಷ. ಮೂರು ವರ್ಷಗಳಿಂದ ಮರೆವಿನ ಕಾಯಿಲೆ. ಮೊದಲಿನಿಂದಲೂ ಅವರಿಗೆ ಸ್ಯಾಂಕಿ ಕೆರೆಯ ಸುತ್ತ ನಡೆಯುವುದೆಂದರೆ ಪ್ರಾಣ. ಕಳೆದ ತಿಂಗಳು ಒಬ್ಬರೇ ಹೋಗಿ ದಾರಿ ತಪ್ಪಿದರು, ಎರಡು ಗಂಟೆಯ ಮೇಲೆ ಸಿಕ್ಕಿದರು. ಮಕ್ಕಳು ಇನ್ನು ಹೊರಗೆ ಬಿಡಬೇಡಿ ಎನ್ನುತ್ತಾರೆ. ಬಾಗಿಲು ಹಾಕಿದರೆ ಅವರು ಸಂಜೆ ಪೂರ್ತಿ ಚಡಪಡಿಸುತ್ತಾರೆ. ನನಗೆ ಏನೂ ತೋಚುತ್ತಿಲ್ಲ.

ಉತ್ತರ: ಆ ಎರಡು ಗಂಟೆ ನೀವು ಹೇಗೆ ಕಳೆದಿರಿ ಎಂಬುದನ್ನು ಊಹಿಸಬಲ್ಲೆ. ಮಕ್ಕಳ ಮಾತು ಅರ್ಧ ಸರಿ: ಅವರು ಇನ್ನು ಮುಂದೆ ಒಬ್ಬರೇ ಹೋಗಬಾರದು. ಆದರೆ ಹೋಗುವುದೇ ನಿಲ್ಲಬಾರದು. ಮರೆವಿನ ಕಾಯಿಲೆಯಲ್ಲಿ ಹೊಸ ನೆನಪುಗಳು ಮೊದಲು ಅಳಿಯುತ್ತವೆ, ಹಲವು ವರ್ಷ ಕಾಲು ಸವೆಸಿದ ಹಾದಿ, ಹಳೆಯ ಮರ, ನೀರಿನ ಮೇಲಿನ ಸಂಜೆ ಬೆಳಕು ಇವು ಬಹುಕಾಲ ಉಳಿಯುತ್ತವೆ. ಹಗಲು ಬೆಳಕಿನಲ್ಲಿ ಸ್ವಲ್ಪ ನಡೆದು ಬಂದವರಿಗೆ ರಾತ್ರಿಯ ನಿದ್ದೆ ಸುಧಾರಿಸುವುದನ್ನೂ, ಸಂಜೆಯ ಚಡಪಡಿಕೆ ಇಳಿಯುವುದನ್ನೂ ನಾನು ಹಲವರಲ್ಲಿ ಕಂಡಿದ್ದೇನೆ. ಸಿಂಗಪುರದಲ್ಲಿ 2016ರಿಂದ ಸಾರ್ವಜನಿಕ ಉದ್ಯಾನಗಳ ಒಳಗೆ, ಮರೆವಿನ ಕಾಯಿಲೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಚಿಕಿತ್ಸಕ ತೋಟಗಳನ್ನು ರೂಪಿಸಿದ್ದಾರೆ. ಮುಟ್ಟಿ ನೋಡುವ, ಮೂಸಿ ನೋಡುವ ಗಿಡಗಳನ್ನು ಅಲ್ಲಿ ಕೈಗೆಟುಕುವ ಎತ್ತರದಲ್ಲಿ ಬೆಳೆಸುತ್ತಾರೆ. ನಮ್ಮಲ್ಲಿ ಅಂಥ ತೋಟಕ್ಕಾಗಿ ಕಾಯಬೇಕಿಲ್ಲ. ದವನ, ಮರುಗ, ತುಳಸಿಯ ಎಲೆಯನ್ನು ಅಂಗೈಯಲ್ಲಿ ಹಿಸುಕಿ ಅವರಿಗೆ ಮೂಸಲು ಕೊಡಿ, ಮರೆತ ಯಾವುದೋ ಹಬ್ಬದ ಮಾತು ಆಗ ಅವರ ಬಾಯಿಗೆ ಬಂದರೂ ಬರಬಹುದು.

ದಿನವೂ ಒಂದೇ ಹೊತ್ತು, ಒಂದೇ ಗೇಟು, ಒಂದೇ ದಿಕ್ಕಿನ ಸುತ್ತು ಇರಲಿ. ಹೆಸರು, ನಿಮ್ಮ ಫೋನ್ ಸಂಖ್ಯೆ ಇರುವ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಅಂಗಿಯ ಒಳಜೇಬಿಗೆ ಹೊಲಿಯಿರಿ, ಕೈಗೆ ಕಟ್ಟಿದ್ದನ್ನು ಅವರು ಕಳಚಿಬಿಡಬಹುದು. ಈಚಿನ ಒಂದು ಭಾವಚಿತ್ರ ನಿಮ್ಮ ಫೋನಿನಲ್ಲಿರಲಿ. ಗೇಟಿನ ಕಾವಲುಗಾರ, ಮಾಲಿ, ಎಳನೀರಿನವರು, ಬೆಂಚಿನ ಪರಿಚಿತರು, ಇವರೆಲ್ಲರಿಗೂ ಕಾಯಿಲೆಯ ವಿಷಯವನ್ನು ಸಂಕೋಚಪಡದೆ ಹೇಳಿಡಿ. ಇದು ನಾಚಿಕೆಯ ಸಂಗತಿಯಲ್ಲ ತಾಯಿ, ಅವರು ಒಬ್ಬರೇ ಗೇಟು ದಾಟುತ್ತಿದ್ದರೆ ಮೊದಲು ನೋಡುವ ಕಣ್ಣುಗಳು ಅವೇ. ಮತ್ತೊಮ್ಮೆ ತಪ್ಪಿಸಿಕೊಂಡರೆ ಹುಡುಕುತ್ತಾ ಹೊತ್ತು ಕಳೆಯದೆ 112ಕ್ಕೆ ಕರೆ ಮಾಡಿ. ಹಿರಿಯರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14567, ಬೆಂಗಳೂರಿನ ಹಿರಿಯರ ಸಹಾಯವಾಣಿ 1090. ಇನ್ನೊಂದು ಮಾತು ನಿಮಗಾಗಿ. ವಾರದಲ್ಲಿ ಎರಡು ದಿನ ಮಕ್ಕಳಲ್ಲೊಬ್ಬರು ಅವರನ್ನು ಕರೆದುಕೊಂಡು ಹೋಗಲಿ, ಆ ಹೊತ್ತು ಪೂರ್ತಿ ನಿಮ್ಮದಾಗಿರಲಿ. ಮಕ್ಕಳು ಒಪ್ಪದಿದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ.

ಪ್ರಶ್ನೆ: ನನಗೆ 74 ವರ್ಷ, ರಾಜಾಜಿನಗರದಲ್ಲಿ ಒಬ್ಬನೇ ಇದ್ದೇನೆ. ಆರು ವರ್ಷಗಳಿಂದ ಸಂಜೆ ಉದ್ಯಾನದಲ್ಲಿ ಒಬ್ಬ ನಿವೃತ್ತ ಶಿಕ್ಷಕರ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತೇನೆ. ನಾನು ಅವರನ್ನು ಮೇಷ್ಟ್ರೇ ಎನ್ನುತ್ತೇನೆ, ಅವರು ನನ್ನನ್ನು ರಾಯರೇ ಎನ್ನುತ್ತಾರೆ. ಹನ್ನೆರಡು ದಿನದಿಂದ ಅವರು ಬಂದಿಲ್ಲ. ಅವರ ಮನೆ, ಫೋನ್, ಪೂರ್ಣ ಹೆಸರು ಯಾವುದೂ ನನಗೆ ಗೊತ್ತಿಲ್ಲವೆಂದು ಆಮೇಲೆ ಹೊಳೆಯಿತು. ವಿಚಾರಿಸಿಕೊಂಡು ಹೋದರೆ ಅವರ ಮನೆಯವರಿಗೆ ಅತಿಯೆನಿಸೀತೇ?

ಉತ್ತರ: ಅತಿಯಲ್ಲ. ಈ ಪತ್ರ ಓದಿದ ಮೇಲೆ ಉಳಿದ ಐದು ಉತ್ತರಗಳನ್ನು ನಾನು ಮತ್ತೊಮ್ಮೆ ತಿದ್ದಿದೆ. ಉದ್ಯಾನದಿಂದ ಹಿರಿಯರಿಗಾಗುವ ಒಳಿತನ್ನು ಹೆಜ್ಜೆ, ನಿಮಿಷ, ರಕ್ತದೊತ್ತಡಗಳಲ್ಲಿ ಅಳೆಯುವ ನಮ್ಮಂಥ ವೈದ್ಯರ ಲೆಕ್ಕಕ್ಕೆ ನಿಮ್ಮ ಬೆಂಚು ಸಿಗುವುದಿಲ್ಲ. ಆರು ವರ್ಷ ದಿನವೂ ತನ್ನ ಬರವನ್ನು ನಿರೀಕ್ಷಿಸುವ, ಬಾರದಿದ್ದರೆ ದಿನ ಎಣಿಸುವ ಒಬ್ಬರು ಈ ದೊಡ್ಡ ಊರಿನಲ್ಲಿ ಆ ಮೇಷ್ಟ್ರಿಗೆ ಇದ್ದಾರೆ. ಅದು ಅವರಿಗೆ ಈಗ ತಿಳಿಯಬೇಕಾಗಿದೆ. ಅವರು ಆಸ್ಪತ್ರೆಯಲ್ಲಿರಬಹುದು, ಕಾಲು ಉಳುಕಿ ಮಂಚದ ಮೇಲಿರಬಹುದು, ಮಗಳ ಊರಿಗೆ ಹೋಗಿರಲೂಬಹುದು. ಸುದ್ದಿ ಇನ್ನೂ ಕೆಟ್ಟದ್ದಾಗಿದ್ದರೂ ಅದನ್ನು ಅವರ ಮನೆಯಲ್ಲಿ ಕುಳಿತು ಕೇಳುವುದು, ಖಾಲಿ ಬೆಂಚಿನಲ್ಲಿ ಕುಳಿತು ಊಹಿಸುವುದಕ್ಕಿಂತ ಮೇಲು. ಅವರ ಮನೆಯವರಿಗೂ ತಂದೆಯ ಸಂಜೆಗಳು ಹೇಗಿದ್ದವೆಂದು ಹೇಳಬಲ್ಲವರು ನೀವೊಬ್ಬರೇ.

ಮೊದಲು ಮಾಲಿಯನ್ನೂ ಕಾವಲುಗಾರನನ್ನೂ ಕೇಳಿ, ಯಾರು ಯಾವ ರಸ್ತೆಯ ಕಡೆಯಿಂದ ಬರುತ್ತಾರೆಂದು ಅವರಿಗೆ ಗೊತ್ತಿರುತ್ತದೆ. ಆಮೇಲೆ ಆ ರಸ್ತೆಯ ಹಾಲಿನ ಬೂತು, ಔಷಧಿ ಅಂಗಡಿ, ಇಸ್ತ್ರಿ ಗಾಡಿಯವರನ್ನು ವಿಚಾರಿಸಿ. 'ನಿವೃತ್ತ ಮೇಷ್ಟ್ರು, ಸಂಜೆ ಪಾರ್ಕಿಗೆ ಬರುವವರು' ಎಂದರೆ ಇವರಲ್ಲಿ ಒಬ್ಬರಾದರೂ ಮನೆ ತೋರಿಸುತ್ತಾರೆ. ಬಾಗಿಲು ತೆರೆದವರಿಗೆ, 'ನಾನು ಅವರ ಪಾರ್ಕಿನ ಸ್ನೇಹಿತ, ಕಾಣದೆ ಹನ್ನೆರಡು ದಿನವಾಯಿತು' ಎಂದಷ್ಟೇ ಹೇಳಿ. ಮತ್ತೊಂದು ಕೆಲಸವನ್ನೂ ಮಾಡಿ. ನಿಮ್ಮ ಉದ್ಯಾನಕ್ಕೆ ನಿತ್ಯ ಬರುವ ಹಿರಿಯರು ಸೇರಿ ಒಂದು ಪುಸ್ತಕ ಇಟ್ಟುಕೊಳ್ಳಿ. ಪೂರ್ಣ ಹೆಸರು, ಮನೆ ವಿಳಾಸ, ಫೋನ್, ಮನೆಯವರೊಬ್ಬರ ಸಂಖ್ಯೆ, ಇರುವ ಕಾಯಿಲೆ, ರಕ್ತದ ಗುಂಪು ಅದರಲ್ಲಿರಲಿ, ಮೂರು ದಿನ ಕಾಣದವರಿಗೆ ಇನ್ನೊಬ್ಬರು ಫೋನ್ ಮಾಡುವ ಏರ್ಪಾಡಾಗಲಿ. ನೀವು ಒಬ್ಬರೇ ಇರುವವರಾದ್ದರಿಂದ ಮೊದಲ ಸಾಲಿನಲ್ಲಿ ನಿಮ್ಮ ಹೆಸರನ್ನೇ ಬರೆಯಿರಿ. ಮೇಷ್ಟ್ರ ಸುದ್ದಿ ತಿಳಿದ ಮೇಲೆ ನನಗೂ ಒಂದು ಕಾರ್ಡು ಹಾಕಿ.